ಹಗಲುಗನಸು ಬೀಳುವುದಿಲ್ಲ: ಒಂದು ಪದವನ್ನು ಅಳೆದು ಬಳಸುವ ಬಗೆ

ಬಳ್ಳಾರಿಯ ಮೇ ತಿಂಗಳು. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಮಧ್ಯಾಹ್ನ ರೊಟ್ಟಿ ಉಂಡು ಫ್ಯಾನಿನ ಕೆಳಗೆ ಅಡ್ಡಾದವನಿಗೆ ಕಣ್ಣು ಹತ್ತುತ್ತದೆ, ಕನಸೂ ಬೀಳುತ್ತದೆ. ಸತ್ತುಹೋದ ಅಜ್ಜ ಬಂದು ಎತ್ತು ಎಲ್ಲಿ ಎಂದು ಕೇಳಿದಂತೆ. ಇದು ಹಗಲುಗನಸೇ? ಅಲ್ಲ. ಹಗಲು ಹೊತ್ತಿನಲ್ಲಿ ಬಿದ್ದ ಕನಸು, ಅಷ್ಟೇ. ಅದೇ ಮನುಷ್ಯ ರಾತ್ರಿ ಹನ್ನೊಂದಕ್ಕೆ ಮಾಳಿಗಿ ಮೇಲೆ ಚಾಪೆ ಹಾಸಿಕೊಂಡು, ನಿದ್ದೆ ಬರದೆ ಚುಕ್ಕಿ ನೋಡುತ್ತ, ಹೊಲದಲ್ಲಿ ನಿಧಿ ಸಿಕ್ಕರೆ ಯಾವ ಬಣ್ಣದ ಕಾರು ಕೊಳ್ಳಲಿ ಎಂದು ಆರಿಸುತ್ತಿದ್ದಾನೆ ಅನ್ನಿ. ಅದು ಅಪ್ಪಟ ಹಗಲುಗನಸು. ಗಡಿಯಾರ ಏನೇ ತೋರಿಸಲಿ.

ಪದದೊಳಗಿನ ‘ಹಗಲು’ ಇಲ್ಲಿ ಹೊತ್ತನ್ನು ಹೇಳುತ್ತಿಲ್ಲ, ಎಚ್ಚರವನ್ನು ಹೇಳುತ್ತಿದೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಸ್ವಲ್ಪ ತಂಟೆಯದು: ಈ ಪದ ಬರಿಯ ವರ್ಣನೆ ಮಾಡುವುದಿಲ್ಲ, ತೀರ್ಪು ಕೊಡುತ್ತದೆ. ‘ಅದು ಹಗಲುಗನಸು’ ಎಂದ ಕೂಡಲೇ ‘ಅದಕ್ಕೆ ಕೈಕಾಲಿಲ್ಲ, ಆಗುವುದಿಲ್ಲ’ ಎಂದೂ ಹೇಳಿದಂತಾಗುತ್ತದೆ. ವರದಿ ಬರೆಯುವವರು, ಅನುವಾದ ಮಾಡುವವರು, ಮಕ್ಕಳ ಪ್ರಗತಿಪತ್ರ ತುಂಬುವವರು ಎಡವುವುದು ಇಲ್ಲೇ.

ಮೊದಲು ಕ್ರಿಯಾಪದ ಹಿಡಿಯಿರಿ

ನಮ್ಮ ಕಡೆ ರಾತ್ರಿಯ ಕನಸು ‘ಬೀಳುತ್ತದೆ’. ‘ರಾತ್ರಿ ಕೆಟ್ಟ ಕನಸು ಬಿತ್ತು’, ‘ಬೆಳಗಿನ ಜಾವದಾಗ ಕನಸು ಬಿದ್ದಿತ್ತು’ ಎಂದೇ ಮಾತು. ಮಳೆ ಬಿದ್ದಂತೆ, ನೆರಳು ಬಿದ್ದಂತೆ. ಬೀಳಿಸಿಕೊಂಡವನ ಕೈವಾಡ ಅದರಲ್ಲಿಲ್ಲ. ಬರವಣಿಗೆಯಲ್ಲಿ ‘ಕನಸು ಕಂಡೆ’ ಎಂದೂ ಬರೆಯಬಹುದು, ತಪ್ಪೇನಿಲ್ಲ. ಆದರೆ ‘ನನಗೊಂದು ಹಗಲುಗನಸು ಬಿತ್ತು’ ಎಂದು ಸಿಂಧನೂರಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಯಾರ ಬಾಯಲ್ಲೂ ಬರುವುದಿಲ್ಲ. ಹಗಲುಗನಸನ್ನು ‘ಕಾಣಬೇಕು’. ಕಾಣುವವನು ಕರ್ತೃ, ಹೊಣೆಯೂ ಅವನದೇ. ಅದಕ್ಕೇ ಈ ಪದದಲ್ಲಿ ಬೈಗುಳ ಸುಲಭವಾಗಿ ಸೇರಿಕೊಳ್ಳುತ್ತದೆ. ಬಿದ್ದ ಕನಸಿಗೆ ಯಾರನ್ನೂ ಬಯ್ಯಲಾಗದು, ಕಂಡ ಕನಸಿಗೆ ಬಯ್ಯಬಹುದು.

ಹಾಗಾಗಿ ಬರೆದ ವಾಕ್ಯದಲ್ಲಿ ಅನುಮಾನ ಬಂದರೆ ‘ಬಿತ್ತು’ ಹಾಕಿ ಓದಿ ನೋಡಿ. ಹೊಂದಿಕೊಂಡರೆ ನಿಮಗೆ ಬೇಕಾದ ಪದ ಬರಿಯ ‘ಕನಸು’. ಹೊಂದದಿದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

ಇನ್ನೊಂದು ಕ್ರಿಯಾಪದದಲ್ಲೂ ಎಡವುತ್ತಾರೆ. ‘ಅವರ ಹಗಲುಗನಸು ನನಸಾಯಿತು’ ಎಂಬ ವಾಕ್ಯ ಅಲ್ಲಲ್ಲಿ ಕಾಣುತ್ತದೆ. ‘ನನಸು’ ಎಂದರೆ ಎಚ್ಚರದ ಸ್ಥಿತಿ, ನಿಜದಲ್ಲಿ ನಡೆದದ್ದು. ತಮಿಳಿನಲ್ಲೂ ಕನವು–ನನವು ಜೋಡಿ ಇದೇ ಅರ್ಥದಲ್ಲಿದೆ. ಕನಸು ನನಸಾಗುತ್ತದೆ, ಸರಿ. ಹಗಲುಗನಸು ನನಸಾದರೆ ಅದನ್ನು ಹಾಗೆ ಕರೆದದ್ದೇ ತಪ್ಪಾಗಿತ್ತು ಎಂದಾಯಿತು. ಆ ಅರ್ಥವೇ ಬೇಕಿದ್ದರೆ ಬಿಡಿಸಿ ಬರೆಯಿರಿ: ‘ಊರವರು ಹಗಲುಗನಸು ಎಂದು ನಕ್ಕದ್ದು ನನಸಾಯಿತು.’ ಈಗ ತೀರ್ಪು ಊರವರ ತಲೆಗೆ ಹೋಯಿತು, ವಾಕ್ಯವೂ ನೆಟ್ಟಗಾಯಿತು.

ಬರೆಯುವುದು: ಕೂಡಿಸಿ, ‘ಗ’ ಹಾಕಿ

ಹಗಲು + ಕನಸು = ಹಗಲುಗನಸು. ಎರಡನೆಯ ಪದದ ಮೊದಲ ಕ, ತ, ಪಗಳು ಗ, ದ, ಬ ಆಗುವುದು ಆದೇಶಸಂಧಿ. ಮಳೆ + ಕಾಲ ಮಳೆಗಾಲವಾದಂತೆ, ಬೆಟ್ಟ + ತಾವರೆ ಬೆಟ್ಟದಾವರೆಯಾದಂತೆ, ಕಣ್ + ಪನಿ ಕಂಬನಿಯಾದಂತೆ. ಸಮಾಸ ಬಿಡಿಸಿದರೆ ‘ಹಗಲಿನ ಕನಸು’, ತತ್ಪುರುಷ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಷ್ಟು ಸಾಕು. ಎಲ್ಲ ಕಡೆಯೂ ‘ಕ’ ಹೀಗೆ ಬದಲಾಗುವುದಿಲ್ಲ. ‘ತಲೆಕಟ್ಟು’ ತಲೆಗಟ್ಟು ಆಗಿಲ್ಲ. ಹಗಲುಗನಸಿನಲ್ಲಂತೂ ಬದಲಾವಣೆ ಗಟ್ಟಿಯಾಗಿ ನಿಂತಿದೆ.

‘ಹಗಲು ಕನಸು’ ಎಂದು ಬಿಡಿಸಿ ಬರೆದರೆ ಏನಾಗುತ್ತದೆ? ಓದುಗರಿಗೆ ಅರ್ಥವಾಗುತ್ತದೆ, ನಿಜ. ಆದರೆ ಮೇಲೆ ಹೇಳಿದ ಮಧ್ಯಾಹ್ನದ ನಿದ್ದೆಯ ಕನಸಿಗೂ ಇದಕ್ಕೂ ಇರುವ ಗೆರೆ ಅಳಿಸಿಹೋಗುತ್ತದೆ. ಎರಡು ಪದ ಒಂದಾದಾಗಲೇ ಹೊಸ ಅರ್ಥ ಹುಟ್ಟಿದ್ದು, ಆದ್ದರಿಂದ ಒಂದಾಗಿಯೇ ಬರೆಯಬೇಕು. ‘ಹಗಲ್ಗನಸು’ ಎಂಬ ರೂಪ ಪದ್ಯದ ಲಯಕ್ಕೆ ಚೆಂದ, ಗದ್ಯದಲ್ಲಿ ಎಡವಿಸುತ್ತದೆ. ‘ಹಗಲುಸ್ವಪ್ನ’ ಬೇಡವೇ ಬೇಡ. ಕನ್ನಡದ ಹಗಲನ್ನು ಸಂಸ್ಕೃತದ ಸ್ವಪ್ನಕ್ಕೆ ಹೀಗೆ ಗಂಟು ಹಾಕುವುದನ್ನು ವ್ಯಾಕರಣದಲ್ಲಿ ಅರಿಸಮಾಸ ಎನ್ನುತ್ತಾರೆ.

ಬಹುತೇಕ ವಿಭಕ್ತಿ ಹಚ್ಚುವಾಗ ಕೊನೆಯ ‘ಉ’ ಇಕಾರಕ್ಕೆ ಜಾಗ ಬಿಡುತ್ತದೆ: ಹಗಲುಗನಸಿನ, ಹಗಲುಗನಸಿಗೆ, ಹಗಲುಗನಸಿನಲ್ಲಿ. ಆಡುಮಾತಿನಲ್ಲಿ ‘ಹಗಲುಗನಸಿನ್ಯಾಗ’. ಬಹುವಚನ ಹಗಲುಗನಸುಗಳು ಇದೆ, ಬಳಸುವ ಪ್ರಸಂಗ ಕಡಿಮೆ. ಒಬ್ಬನು ಎಷ್ಟೇ ಕಂಡರೂ ನಮ್ಮಲ್ಲಿ ಅದು ಏಕವಚನವೇ.

‘ಹಗಲು’ ಹಚ್ಚಿದ ಬೇರೆ ಪದಗಳ ಪಕ್ಕ ಇದನ್ನಿಟ್ಟು ನೋಡಿದರೆ ಅರ್ಥ ಇನ್ನಷ್ಟು ತಿಳಿಯಾಗುತ್ತದೆ. ಬಯಲಾಟ ರಾತ್ರಿಯಿಡೀ ನಡೆಯುವ ಆಟ. ಅದಕ್ಕೆ ಬದಲಾಗಿ ರಾಮ, ರಾವಣ, ಹನುಮರ ಬಣ್ಣ ಹಚ್ಚಿ ಹಾರ್ಮೋನಿಯಂ ಹಿಡಿದು ಬಿಸಿಲಿನಲ್ಲೇ ಓಣಿ ಓಣಿ ತಿರುಗುವವರದು ‘ಹಗಲುವೇಷ’. ಅಲ್ಲಿ ಹಗಲು ಎಂದರೆ ಹಗಲೇ, ಹೊತ್ತಿನ ಮಾತು. ‘ಹಗಲುದರೋಡೆ’ಯಲ್ಲಿ ಹಗಲು ಎಂದರೆ ಎಲ್ಲರ ಕಣ್ಣೆದುರು, ನಾಚಿಕೆಯಿಲ್ಲದೆ, ಆಸ್ಪತ್ರೆಯ ಬಿಲ್ಲು ರಾತ್ರಿ ಕೊಟ್ಟರೂ ಅದು ಹಗಲುದರೋಡೆಯೇ. ‘ಹಗಲುಗನಸಿ’ನಲ್ಲಿ ಹಗಲು ಎಂದರೆ ಎಚ್ಚರ. ಒಂದೇ ಮಾತು, ಮೂರು ಕೆಲಸ.

ಬಳ್ಳಾರಿ, ರಾಯಚೂರಿನವರಿಗೆ ತೆಲುಗು ಕಿವಿಯಲ್ಲೇ ಇರುತ್ತದೆ. ಅಲ್ಲಿ ಹಗಲುವೇಷಕ್ಕೆ ಪಗಟಿ ವೇಷಾಲು, ಹಗಲುಗನಸಿಗೆ ಪಗಟಿ ಕಲ. ಹಳಗನ್ನಡದಲ್ಲಿ ನಮ್ಮದೂ ‘ಪಗಲ್’ ಆಗಿತ್ತು. ನಾವು ಪಕಾರವನ್ನು ಹಕಾರ ಮಾಡಿಕೊಂಡೆವು, ತೆಲುಗರು ಹಾಗೇ ಉಳಿಸಿಕೊಂಡರು. ಪಾಲು ನಮಗೆ ಹಾಲು, ಪುಲಿ ನಮಗೆ ಹುಲಿ. ಸಂತೆಯಲ್ಲಿ ನಿಂತು ಕಿವಿಗೊಟ್ಟರೆ ಸಾವಿರ ವರ್ಷದ ಧ್ವನಿವ್ಯತ್ಯಾಸ ಹಾಲಿನ ಅಂಗಡಿಯ ಮುಂದೇ ಕೇಳುತ್ತದೆ.

ಹಗಲುಗನಸೋ, ಲೆಕ್ಕವೋ?

ಪದ ಬಳಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಕಾಣುವವನು ಎಚ್ಚರವಾಗಿದ್ದಾನೆಯೇ? ಕಾಣುತ್ತಿರುವುದು ಅವನಿಗೆ ಹಿತವೇ? ಅದಕ್ಕಾಗಿ ಅವನು ಏನಾದರೂ ಮಾಡುತ್ತಿದ್ದಾನೆಯೇ? ಮೊದಲೆರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದು ಬಂದರೆ ಪದ ಕೂರುತ್ತದೆ. ಎರಡನೆಯದಕ್ಕೆ ಇಲ್ಲ ಎಂದರೆ ಅದು ಚಿಂತೆ. ಎಚ್ಚರದಲ್ಲಿ ಕೆಟ್ಟದ್ದನ್ನೇ ಕಲ್ಪಿಸಿಕೊಂಡು ಬೆವರುವವನನ್ನು ಹಗಲುಗನಸು ಕಾಣುತ್ತಿದ್ದಾನೆ ಎನ್ನುವುದಿಲ್ಲ.

ನಿಜವಾಗಿ ತೂಗಬೇಕಾದದ್ದು ಮೂರನೆಯ ಪ್ರಶ್ನೆಯನ್ನೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಐದು ಎಕರೆ ಭತ್ತದ ಗದ್ದೆಯಿರುವ ರೈತ ಹೀಗೆ ಎಣಿಸುತ್ತಾನೆ ಎಂದಿಟ್ಟುಕೊಳ್ಳಿ: ಎಕರೆಗೆ 40 ಚೀಲ, ಚೀಲಕ್ಕೆ 75 ಕೆ.ಜಿ. ಐದೆಕರೆಗೆ 200 ಚೀಲ, ಅಂದರೆ 150 ಕ್ವಿಂಟಲ್. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಇದ್ದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ ಹಿಡಿದರೆ 3,45,000. ಅದರಲ್ಲಿ ಗೊಬ್ಬರ, ಎಣ್ಣೆ, ಆಳು, ಮಷೀನಿನ ಬಾಡಿಗೆ ಕಳೆಯಬೇಕು. ಸಸಿ ಮಡಿ ಹಾಕಿ, ಕಾಲುವೆಗೆ ನೀರು ಬಿಡುವ ದಿನ ಕೇಳಿಕೊಂಡು ಬಂದು ಈ ಲೆಕ್ಕ ಮಾಡುತ್ತಿದ್ದರೆ ಅದು ಲೆಕ್ಕಾಚಾರ, ಹೆಚ್ಚೆಂದರೆ ನಿರೀಕ್ಷೆ. ಬೆಳೆ ಕೈಕೊಟ್ಟರೂ ಅದನ್ನು ಹಗಲುಗನಸು ಎನ್ನುವಂತಿಲ್ಲ.

ಪಕ್ಕದ ಗದ್ದೆಯವನು ಮಡಿಯನ್ನೇ ಹಾಕಿಲ್ಲ. ಹೋಟೆಲಿನ ಕಟ್ಟೆಯ ಮೇಲೆ ಕುಳಿತು, ಎಕರೆಗೆ 60 ಚೀಲ ಬಂದರೆ, ಬೆಲೆ ಮೂರು ಸಾವಿರ ಆದರೆ, ಹೊಸ ಟ್ರ್ಯಾಕ್ಟರಿನ ಮುಂದೆ ಯಾವ ದೇವರ ಹೆಸರು ಬರೆಸಲಿ ಎನ್ನುವಲ್ಲಿಗೆ ಹೋಗಿದ್ದಾನೆ. ಇವನಿಗೆ ‘ಹಗಲುಗನಸು ಕಾಣೋದು ಬಿಡು, ಮೊದ್ಲು ಸಸಿ ಮಡಿ ಹಾಕು’ ಎಂದರೆ ಪದ ಅದರ ಜಾಗದಲ್ಲೇ ಬಿತ್ತು. ಇಬ್ಬರ ಅಂಕಿಯಲ್ಲಿರುವ ಅಂತರ ಇಲ್ಲಿ ಮುಖ್ಯವಲ್ಲ. ಪದವನ್ನು ತೀರ್ಮಾನಿಸಿದ್ದು ಆ ಖಾಲಿ ಮಡಿ.

ಪರಿಸ್ಥಿತಿ ಬದಲಾದರೆ ಪದವೂ ಜಾರುತ್ತದೆ ಎಂಬುದನ್ನೂ ನೆನಪಿಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಹೋಯಿತು. ಆ ವಾರ ಎರಡನೇ ಬೆಳೆಯ ಮಾತೆತ್ತಿದರೆ ಹಗಲುಗನಸಿನಂತೆಯೇ ಕೇಳುತ್ತಿತ್ತು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿ, ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿದ ಮೇಲೆ ಅದೇ ಮಾತು ನ್ಯಾಯವಾದ ಬೇಡಿಕೆಯಾಯಿತು. ಆದ್ದರಿಂದ ಹಿಂದಿನದನ್ನು ಬರೆಯುವಾಗ ‘ಹಗಲುಗನಸಾಗಿತ್ತು’ ಎನ್ನುವುದಕ್ಕಿಂತ ‘ಆಗ ಹಗಲುಗನಸಿನಂತೆ ಕೇಳಿಸಿತ್ತು’ ಎನ್ನುವುದು ಹೆಚ್ಚು ಪ್ರಾಮಾಣಿಕ.

ವಾಕ್ಯದಲ್ಲಿ ಕೂರಿಸುವುದು

ಏನನ್ನು ಕಾಣುತ್ತಿದ್ದಾನೋ ಅದು ಪದದ ಹಿಂದೆ ಬರಬೇಕು. ಅದಕ್ಕೆ ಎರಡು ದಾರಿ. ‘ಶಾಸಕನಾಗುವ ಹಗಲುಗನಸು’ ಒಂದು, ‘ಶಾಸಕನಾಗುತ್ತೇನೆಂಬ ಹಗಲುಗನಸು’ ಇನ್ನೊಂದು. ಮೊದಲನೆಯದು ಬರಿಯ ಚಿತ್ರ: ಕೂತು ಆನಂದಿಸುತ್ತಿದ್ದಾನೆ. ಎರಡನೆಯದರಲ್ಲಿ ಅವನು ಅದನ್ನು ನಂಬಿಯೂ ಬಿಟ್ಟಿದ್ದಾನೆ, ಹಾಗಾಗಿ ಚುಚ್ಚು ಜಾಸ್ತಿ. ಯಾರ ಬಗ್ಗೆಯಾದರೂ ಮೆತ್ತಗೆ ಬರೆಯಬೇಕಿದ್ದರೆ ‘-ುವ’ ಸಾಕು. ‘-ೆಂಬ’ ಹಾಕುವ ಮೊದಲು, ಆ ಮನುಷ್ಯ ನಿಜಕ್ಕೂ ನಂಬಿದ್ದಾನೆಯೇ ಎಂದು ವಿಚಾರಿಸಿ. ಆಡಿಕೊಂಡು ನಕ್ಕದ್ದನ್ನೂ ನಂಬಿಕೆ ಎಂದು ಬರೆದುಬಿಡುವುದು ವರದಿಗಳಲ್ಲಿ ದಿನಾ ಆಗುವ ತಪ್ಪು.

ಭೂತಕಾಲದ ‘ಶಾಸಕನಾದ ಹಗಲುಗನಸು’ ವ್ಯಾಕರಣಕ್ಕೆ ಒಪ್ಪಿದರೂ ಕಿವಿಗೆ ಒಪ್ಪುವುದಿಲ್ಲ. ಹಗಲುಗನಸು ಯಾವಾಗಲೂ ಮುಂದಕ್ಕೆ ಮುಖ ಮಾಡಿರುತ್ತದೆ. ಹಳೆಯದನ್ನು ನೆನೆದು ಕಳೆದುಹೋಗುವುದಕ್ಕೆ ನಮ್ಮಲ್ಲಿ ‘ನೆನಪಿನಾಗ ಮುಳುಗಿದ’ ಎಂಬ ಮಾತು ಬೇರೆಯೇ ಇದೆ.

ಯಾರು, ಯಾರಿಗೆ

ಮೂರನೆಯವರ ಬಗ್ಗೆ ಹೇಳಿದರೆ ಟೀಕೆ. ಎದುರಿನವನಿಗೆ ಹೇಳಿದರೆ ಎಚ್ಚರಿಕೆ ಇಲ್ಲವೇ ಗೆಳೆತನದ ಕಿಚಾಯಿಸು. ತನ್ನ ಬಗ್ಗೆಯೇ ಆದರೆ ಬಹುಪಾಲು ನಿರಾಕರಣೆ: ‘ನಾನೇನ್ ಹಗಲುಗನಸು ಕಾಣಾಕತ್ತಿಲ್ಲ, ಬ್ಯಾಂಕಿನಾಗ ಅರ್ಜಿ ಕೊಟ್ಟು ಬಂದೀನಿ.’ ನೋಡಿ, ಇಲ್ಲಿ ಆತ ತನ್ನ ಪರವಾಗಿ ಮುಂದಿಟ್ಟದ್ದು ಅರ್ಜಿಯನ್ನು. ಕನಸನ್ನು ಸಮರ್ಥಿಸಿಕೊಳ್ಳಲು ಹೋಗಲಿಲ್ಲ, ಕೆಲಸವನ್ನು ತೋರಿಸಿದ. ಪದದ ನಾಡಿ ಅವನಿಗೆ ಗೊತ್ತು.

ಹಿರಿಯರಿಗೆ ಈ ಪದ ಎಸೆಯಬಾರದು. ಮಾವನವರು ಬೀಗರ ಕಡೆಯಿಂದ ಏನೋ ದೊಡ್ಡದನ್ನು ನಿರೀಕ್ಷಿಸುತ್ತ ಕೂತಿದ್ದರೆ ‘ಅದು ಆಗೋ ಮಾತಲ್ಲ ಬಿಡ್ರಿ’ ಎಂದರೆ ಸಾಕು. ‘ಹಗಲುಗನಸು ಕಾಣಬ್ಯಾಡ್ರಿ’ ಎಂದರೆ ಬಹುವಚನ ಹಚ್ಚಿದ್ದೂ ಉಪಯೋಗಕ್ಕೆ ಬರುವುದಿಲ್ಲ.

ನೆರೆಹೊರೆಯ ಪದಗಳು

ಹಗಲುಗನಸಿನ ಸುತ್ತ ಇರುವ ಪದಗಳನ್ನೆಲ್ಲ ಒಂದೇ ಎಂದು ಬಳಸುವುದು ಸೋಮಾರಿತನ. ಒಂದೊಂದರ ರುಚಿ ಬೇರೆ. ರುಚಿಯ ಮಾತು ಬಂದದ್ದರಿಂದ ‘ಮನದಲ್ಲೇ ಮಂಡಿಗೆ ಮೆಲ್ಲು’ ಎಂಬುದರಿಂದಲೇ ಶುರು ಮಾಡಬೇಕು. ಮಂಡಿಗೆ ಉತ್ತರ ಕರ್ನಾಟಕದ ಮದುವೆಮನೆಯ ಸಿಹಿ. ನಾದಿದ ಕಣಕದಲ್ಲಿ ಸಕ್ಕರೆ, ತುಪ್ಪದ ಹೂರಣ ತುಂಬಿ, ತಟ್ಟಿ, ಕೈಯಲ್ಲೇ ಬೀಸಿ ಕಾಗದದಷ್ಟು ತೆಳ್ಳಗೆ ಹಿಗ್ಗಿಸಿ, ಬೋರಲು ಹಾಕಿದ ಕಾದ ಗಡಿಗೆಯ ಮೇಲೆ ಹರಡಿ ಬೇಯಿಸಿ, ಬಿಸಿಯಿರುವಾಗಲೇ ಮಡಚಬೇಕು. ಹರಿಯದಂತೆ ಹಿಗ್ಗಿಸುವುದು ಪಳಗಿದ ಕೈಗಷ್ಟೇ ಸಾಧ್ಯ. ಇಷ್ಟು ದುಡಿತದ ತಿಂಡಿಯನ್ನು ಕೂತಲ್ಲೇ ಮನಸ್ಸಿನಲ್ಲಿ ತಿಂದು ಮುಗಿಸುವುದರಲ್ಲೇ ಈ ಮಾತಿನ ವ್ಯಂಗ್ಯವಿದೆ. ಮರಾಠಿಯಲ್ಲೂ ಮನಸ್ಸಿನೊಳಗೆ ಮಾಂಡೆ ತಿನ್ನುವ ಮಾತಿದೆ. ಸುಖವನ್ನು ಮುಂಗಡವಾಗಿ ಸವಿಯುತ್ತಿರುವವನಿಗೆ ಇದು ಹೊಂದುತ್ತದೆ. ಮದುವೆ ಗೊತ್ತಾದ ಹುಡುಗ ಮಂಡಿಗೆ ಮೆಲ್ಲಬಹುದು. ಅವನದು ಆಗಿಯೇ ಆಗುವ ಸುಖವಾದ್ದರಿಂದ ಅದು ಹಗಲುಗನಸಲ್ಲ.

ಗಾಳಿಗೋಪುರವನ್ನು ‘ಕಟ್ಟುತ್ತಾರೆ’. ಆದ್ದರಿಂದ ಅದರಲ್ಲಿ ಅಂತಸ್ತು ಬೇಕು: ಇದಾದ ಮೇಲೆ ಇದು, ಅದಾದ ಮೇಲೆ ಅದು. ಬುನಾದಿಯಿಲ್ಲದ ಯೋಜನೆಗೆ, ಸಾಲ ಮಾಡಿ ಸಾಲ ತೀರಿಸುವ ಲೆಕ್ಕಕ್ಕೆ ಇದು ಸರಿ. ಒಂದೇ ಒಂದು ಚಿತ್ರ ಕಣ್ಮುಂದೆ ತೇಲಿದರೆ ಹಗಲುಗನಸು, ಅದರ ಮೇಲೆ ಐದು ಮಹಡಿ ಎದ್ದರೆ ಗಾಳಿಗೋಪುರ. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬ ಗಾದೆಯನ್ನು ಇವೆರಡರ ಜೊತೆ ಬೆರೆಸುತ್ತಾರೆ. ಆದರೆ ಕುಲಾವಿ ಹೊಲಿಸಿದವನು ಕೆಲಸ ಮಾಡಿದ್ದಾನೆ, ಅವಸರದಲ್ಲಿ ಮಾಡಿದ್ದಾನೆ, ಅಷ್ಟೇ.

‘ದಿವಾಸ್ವಪ್ನ’ದ ಬಗ್ಗೆ ಒಂದು ಎಚ್ಚರಿಕೆ. ಬರವಣಿಗೆಯಲ್ಲಿ ಹಗಲುಗನಸಿಗೆ ಪರ್ಯಾಯವಾಗಿ ಅದು ನಡೆಯುತ್ತದೆ. ಆದರೆ ಸಂಸ್ಕೃತದಲ್ಲಿ ಸ್ವಪ್ನಕ್ಕೆ ನಿದ್ದೆ ಎಂಬ ಅರ್ಥವೂ ಇದೆ, ಆಯುರ್ವೇದದಲ್ಲಿ ದಿವಾಸ್ವಪ್ನ ಎಂದರೆ ಹಗಲುನಿದ್ದೆ. ವೈದ್ಯರ ಚೀಟಿಯಲ್ಲಿ ‘ದಿವಾಸ್ವಪ್ನ ವರ್ಜ್ಯ’ ಎಂದಿದ್ದರೆ ಕಲ್ಪನೆ ಬಿಡಿ ಎಂದಲ್ಲ, ಮಧ್ಯಾಹ್ನ ಮಲಗಬೇಡಿ ಎಂದು. ಅದೇ ಶಾಸ್ತ್ರ ಗ್ರೀಷ್ಮದಲ್ಲಿ ಹಗಲುನಿದ್ದೆಗೆ ರಿಯಾಯಿತಿ ಕೊಟ್ಟಿದೆ. ರಾಯಚೂರಿನ ಬಿಸಿಲು ಕಂಡವರು ಇದಕ್ಕೆ ತಕರಾರು ಎತ್ತಲಾರರು.

‘ಖಯಾಲಿ’ ಇನ್ನೊಂದು ಬಲೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಉರ್ದು ಪದಗಳು ಇಲ್ಲಿನ ಮಾತಿನಲ್ಲಿ ಬೇರುಬಿಟ್ಟಿವೆ. ಉರ್ದುವಿನಲ್ಲಿ ‘ಖಯಾಲಿ ಪುಲಾವ್’ ಬೇಯಿಸುವುದೆಂದರೆ ನೇರ ಹಗಲುಗನಸೇ. ಆದರೆ ಕನ್ನಡಕ್ಕೆ ಬಂದ ಬರಿಯ ‘ಖಯಾಲಿ’ಯ ಅರ್ಥ ಗೀಳು, ಹವ್ಯಾಸ. ‘ಅವನಿಗೆ ಪಾರಿವಾಳದ ಖಯಾಲಿ’ ಎಂದರೆ ಅವನ ಮಾಳಿಗಿ ಮೇಲೆ ನಿಜವಾದ ಪಾರಿವಾಳಗಳಿವೆ.

ಉಳಿದವು ಬೇಗ ಮುಗಿಯುತ್ತವೆ. ಕನವರಿಕೆ ಮೂಲದಲ್ಲಿ ನಿದ್ದೆಯಲ್ಲಿ ಆಡುವ ಮಾತು, ವಿಸ್ತರಿಸಿದರೆ ಬಿಡದ ಹಂಬಲ. ಗುಂಗು ಎಂದರೆ ಒಂದರ ಪರಿಣಾಮ ಇನ್ನೂ ಇಳಿಯದೆ ಇರುವುದು: ಹಾಡಿನ ಗುಂಗು, ಜಾತ್ರೆಯ ಗುಂಗು. ಮನೋರಾಜ್ಯ ಪುಸ್ತಕದ ಭಾಷೆ. ಬರೆದರೆ ಗಂಭೀರ, ಆಡಿದರೆ ನಾಟಕದ ಮಾತು. ‘ತಿರುಕನ ಕನಸು’ ನಿದ್ದೆಯಲ್ಲಿ ಕಂಡದ್ದೇ ಆದರೂ ಎದ್ದ ಮೇಲಿನ ನಿರಾಸೆಗಾಗಿ ಬಳಕೆಗೆ ಬಂದಿದೆ. ಆದ್ದರಿಂದ ಕನಸು ಒಡೆದ ಮೇಲೆ ಬಳಸಿ, ಕಾಣುತ್ತಿರುವಾಗ ಅಲ್ಲ.

ತಲೆಬರಹಕ್ಕೆ ಹಾಕುವ ಮುನ್ನ

ಚುನಾವಣೆ ಬಂತೆಂದರೆ ಈ ಪದಕ್ಕೆ ಬಿಡುವಿಲ್ಲ. ‘ಎದುರಾಳಿಯ ಗೆಲುವು ಹಗಲುಗನಸು’ ಎಂದು ಒಬ್ಬರು ವೇದಿಕೆಯಲ್ಲಿ ಹೇಳುತ್ತಾರೆ. ವರದಿಗಾರ ಉದ್ಧರಣ ಚಿಹ್ನೆ ಬಿಟ್ಟರೆ ಅದು ಪತ್ರಿಕೆಯ ತೀರ್ಪಾಗುತ್ತದೆ. ಚಿಹ್ನೆ ಹಾಕಿ, ಹೇಳಿದವರ ಹೆಸರು ಮೊದಲ ವಾಕ್ಯದಲ್ಲೇ ಬರಲಿ.

ಜನರ ಬೇಡಿಕೆಗೆ ಈ ಪದ ಹಚ್ಚುವಾಗ ಇನ್ನೂ ಹುಷಾರು. ರಾಯಚೂರಿಗೆ ಏಮ್ಸ್ ಬೇಕೆಂದು ಜನ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಧರಣಿ ಕೂರುವುದು ಕೆಲಸ. ಮೂರನೆಯ ಪ್ರಶ್ನೆಯಲ್ಲೇ ಪದ ಬಿದ್ದುಹೋಯಿತು. ‘ಈಡೇರದ ಬೇಡಿಕೆ’ ಎನ್ನಿ, ‘ಕನಸು’ ಎನ್ನಿ, ‘ಹಗಲುಗನಸು’ ಬೇಡ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರು ಗಣಿಗಾರಿಕೆಗೆ ತಡೆ ಹಾಕಿದಾಗ ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ನಿಂತರು. ಅವರ ಬಗ್ಗೆ ‘ಗಣಿಯ ಹಗಲುಗನಸು ಕಂಡವರು’ ಎಂದು ಬರೆದರೆ ಓದಲು ಚುರುಕು, ಆದರೆ ಅನ್ಯಾಯ. ಅವರು ಸ್ಟೇರಿಂಗ್ ಹಿಡಿದು ಧೂಳು ಕುಡಿದವರು. ಅವರದು ಮುರಿದ ಕನಸು. ಕೂತು ಕಂಡದ್ದಕ್ಕೂ ದುಡಿದು ಕಳೆದುಕೊಂಡದ್ದಕ್ಕೂ ಒಂದೇ ಪದ ಹಚ್ಚುವಷ್ಟು ಬಡತನ ಕನ್ನಡಕ್ಕೆ ಬಂದಿಲ್ಲ.

ಅನುವಾದದಲ್ಲಿ

ಇಂಗ್ಲಿಷಿನ ‘ಡೇಡ್ರೀಮ್’ ಕಂಡಲ್ಲೆಲ್ಲ ಹಗಲುಗನಸು ಹಾಕುವುದು ಅನುವಾದಕರ ಅಭ್ಯಾಸ. ಆ ಪದಕ್ಕೆ ಬರಿಯ ಮೈಮರೆವು ಎಂಬ ನಿರುಪದ್ರವಿ ಅರ್ಥವೂ ಇದೆ. ನಮ್ಮದರಲ್ಲಿ ಆ ಅರ್ಥ ತೆಳ್ಳಗೆ. ಗಂಗಾವತಿಯ ಚಾ ಅಂಗಡಿಯೊಂದನ್ನು ಕಣ್ಮುಂದೆ ತಂದುಕೊಳ್ಳಿ. ಪ್ಲೇಟಿನಲ್ಲಿ ಮಂಡಕ್ಕಿ ಒಗ್ಗರಣಿ, ಮೇಲೆ ಎರಡು ಮಿರ್ಚಿ. ಒಬ್ಬ ಮಿರ್ಚಿಯನ್ನು ಅರ್ಧ ಕಚ್ಚಿ, ಉಳಿದರ್ಧವನ್ನು ಕೈಯಲ್ಲೇ ಹಿಡಿದು ರಸ್ತೆ ನೋಡುತ್ತಿದ್ದಾನೆ. ಚಾ ಮೇಲೆ ಕೆನೆ ಕಟ್ಟಿ ಸುಕ್ಕಾಗಿದೆ. ಎದುರಿಗಿದ್ದವನು ‘ಹಗಲುಗನಸು ಕಾಣುತ್ತಿದ್ದೀಯಾ?’ ಎಂದು ಕೇಳುವುದಿಲ್ಲ. ‘ಏ, ಎಲ್ಲದಿ? ಚಾ ಆರಿ ಹೋತು’ ಎನ್ನುತ್ತಾನೆ. ಇವನು ‘ಎಲ್ಲೂ ಇಲ್ಲ ಬಿಡು’ ಎಂದು ಮಿರ್ಚಿ ಮುಗಿಸುತ್ತಾನೆ.

ಅನುವಾದದಲ್ಲಿ ಬೇಕಾದದ್ದು ಇದೇ. ‘ಧ್ಯಾನ ಎಲ್ಲೋ ಇತ್ತು’, ‘ಮೈಮರೆತು ಕೂತಿದ್ದ’, ‘ಅವಳನ್ನೇ ನೆನೆಯುತ್ತ ಕೂತ’. ಮೂಲದಲ್ಲಿ ಅಸಾಧ್ಯವಾದ ಆಸೆ ಇದ್ದಾಗ ಮಾತ್ರ ಹಗಲುಗನಸು ತನ್ನಿ. ಮನಶ್ಶಾಸ್ತ್ರದ ಬರಹ ಮಾತ್ರ ಇದಕ್ಕೆ ಹೊರತು. ಅಲ್ಲಿ ಇದು ಪಾರಿಭಾಷಿಕ ಪದ, ತೀರ್ಪಿಲ್ಲದ್ದು. ಮೊದಲ ಬಾರಿ ಬಳಸುವಾಗ ‘ಇಲ್ಲಿ ಹಗಲುಗನಸು ಎಂದರೆ ಎಚ್ಚರದಲ್ಲಿ ಮನಸ್ಸು ಎದುರಿನ ಕೆಲಸ ಬಿಟ್ಟು ತನ್ನದೇ ಚಿತ್ರಗಳತ್ತ ಹರಿಯುವುದು’ ಎಂದು ಒಂದು ಸಾಲು ಬರೆದುಬಿಡಿ. ಗಂಟೆಗಟ್ಟಲೆ ಅದರಲ್ಲೇ ಮುಳುಗಿ ಓದು, ಊಟ, ಜನ ಎಲ್ಲ ತಪ್ಪಿಹೋಗುವ ಸ್ಥಿತಿಗೆ ಇಸ್ರೇಲಿನ ಮನಶ್ಶಾಸ್ತ್ರಜ್ಞ ಎಲಿ ಸೋಮರ್ 2002ರಲ್ಲಿ ‘ಮಾಲ್‌ಅಡಾಪ್ಟಿವ್ ಡೇಡ್ರೀಮಿಂಗ್’ ಎಂದು ಬೇರೆಯೇ ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ‘ಹಗಲುಗನಸಿನ ರೋಗ’ ಎಂದರೆ ನಗೆಯಾಗುತ್ತದೆ, ‘ಬಿಡಿಸಿಕೊಳ್ಳಲಾಗದ ಹಗಲುಗನಸು’ ಎಂದರೆ ಕಷ್ಟ ತಿಳಿಯುತ್ತದೆ.

ಮಗುವಿನ ಬಗ್ಗೆ ಬರೆಯುವಾಗ

ಪ್ರಗತಿಪತ್ರದಲ್ಲಿ ‘ತರಗತಿಯಲ್ಲಿ ಹಗಲುಗನಸು ಕಾಣುತ್ತಾನೆ’ ಎಂದು ಬರೆದರೆ ಎರಡು ತೊಂದರೆ. ಅಪ್ಪ–ಅಮ್ಮ ಅದನ್ನು ಸೋಮಾರಿ ಎಂದು ಓದಿಕೊಳ್ಳುತ್ತಾರೆ, ಮಗುವಿಗೆ ಏಟು ಬೀಳಬಹುದು. ಅದಕ್ಕಿಂತ ದೊಡ್ಡದು: ದಿಟ್ಟಿಸಿ ಕೂರುವ ಮಗು ಯಾವಾಗಲೂ ಹಗಲುಗನಸು ಕಾಣುತ್ತಿರುವುದಿಲ್ಲ. ಮೂರ್ಛೆರೋಗದ ಒಂದು ಬಗೆಯಲ್ಲಿ ಮಗು ಬೀಳುವುದಿಲ್ಲ, ಕೈಕಾಲು ಬಡಿಯುವುದಿಲ್ಲ. ಕೆಲವು ಸೆಕೆಂಡು ಸುಮ್ಮನೆ ಶೂನ್ಯ ನೋಡುತ್ತದೆ.

ಗುರುತಿಸುವುದು ಹೀಗೆ. ಹಗಲುಗನಸು ಮೆಲ್ಲಗೆ ಶುರುವಾಗುತ್ತದೆ, ಪಾಠ ಬೇಸರವಾದಾಗ ಹೆಚ್ಚುತ್ತದೆ, ಹೆಸರು ಹಿಡಿದು ಕರೆದರೆ ಅಥವಾ ಭುಜ ಮುಟ್ಟಿದರೆ ಒಡೆಯುತ್ತದೆ. ಮೂರ್ಛೆಯ ಈ ಬಗೆ ಗಕ್ಕನೆ ಬರುತ್ತದೆ, ಆಡುವಾಗಲೂ, ಮಾತಿನ ನಡುವೆಯೂ. ಹತ್ತು ಸೆಕೆಂಡಿನ ಆಸುಪಾಸು ಇದ್ದು ಗಕ್ಕನೆ ಹೋಗುತ್ತದೆ. ಆ ಹೊತ್ತಿನಲ್ಲಿ ಕರೆದರೂ ಮುಟ್ಟಿದರೂ ಉತ್ತರವಿಲ್ಲ, ರೆಪ್ಪೆ ಅದುರಬಹುದು. ಮುಗಿದ ಮೇಲೆ ಮಗು ಏನೂ ಆಗದಂತೆ ನಿಲ್ಲಿಸಿದಲ್ಲಿಂದ ಮುಂದುವರಿಸುತ್ತದೆ, ನಡುವೆ ಏನಾಯಿತೆಂದು ಅದಕ್ಕೆ ಗೊತ್ತಿರುವುದಿಲ್ಲ. ದಿನಕ್ಕೆ ಹಲವು ಸಲ ಆಗಬಹುದು.

ಅನುಮಾನ ಬಂದರೆ ಪ್ರಗತಿಪತ್ರದಲ್ಲಿ ಪದ ಹುಡುಕುವ ಬದಲು ಒಂದು ವಾರ ಬರೆದಿಡಿ: ದಿನ, ಹೊತ್ತು, ಮಗು ಆಗ ಏನು ಮಾಡುತ್ತಿತ್ತು, ಎಷ್ಟು ಸೆಕೆಂಡು, ಮುಟ್ಟಿದಾಗ ಏನಾಯಿತು. ಮನೆಯವರಿಗೆ ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಹೇಳಿ, ಚೀಟಿ ಮತ್ತು ವಿಡಿಯೋ ಎರಡನ್ನೂ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಲಿ. ಚೀಟಿಯ ಸಾಲು ಹೀಗಿದ್ದರೆ ಸಾಕು: ‘ಸೋಮವಾರ 11.20, ಗಣಿತದ ಹೊತ್ತು, ಬರೆಯುತ್ತಿದ್ದ ಕೈ ನಿಂತಿತು, ಸುಮಾರು 12 ಸೆಕೆಂಡು, ಎರಡು ಸಲ ಕರೆದೆ, ಭುಜ ಮುಟ್ಟಿದೆ, ತಿರುಗಲಿಲ್ಲ, ಆಮೇಲೆ ಅದೇ ಅಂಕಿ ಮುಂದುವರಿಸಿದ.’